ದೇಹವನ್ನು ಕೇಳದೆ ಕೊಟ್ಟ ತೀರ್ಪು

ಕಲಬುರಗಿಯಿಂದ ಅಫಜಲಪುರದ ಕಡೆ ಹೊರಟವರು ದತ್ತಕ್ಷೇತ್ರ ಗಾಣಗಾಪುರಕ್ಕೆ ಹೊರಳುವುದು ಚೌಡಾಪುರದಲ್ಲಿ. ಭಕ್ತರ ಜೊತೆ ‘ಗಾಳಿ ಸೋಕಿದೆ’ ಎನಿಸಿಕೊಂಡವರನ್ನೂ ಮನೆಯವರು ಆ ದಾರಿಯಲ್ಲೇ ಕರೆದೊಯ್ಯುತ್ತಾರೆ. ಮಹಾಮಂಗಳಾರತಿಯ ಹೊತ್ತಿಗೆ ಅವರು ಚೀರುವುದನ್ನು, ಕಂಬ ಏರುವುದನ್ನು ಕಂಡು ನಂಬುವವರು ದೆವ್ವ ಎನ್ನುತ್ತಾರೆ. ನಂಬದವರು ಬರೀ ಮನಸ್ಸಿನ ಆಟ ಎನ್ನುತ್ತಾರೆ. ಇಷ್ಟು ಜಗಳವಾಡುವ ಈ ಇಬ್ಬರಿಗೂ ಒಂದು ವಿಷಯದಲ್ಲಿ ಒಮ್ಮತವಿದೆ: ಇದರಲ್ಲಿ ದೇಹದ ಪಾತ್ರವಿಲ್ಲ. ನನ್ನ ತಕರಾರು ಆ ಒಮ್ಮತದ ಮೇಲೆ. ಮೈಯೊಳಗಿನ ಕಾಯಿಲೆ ನಡತೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಪ್ರಯೋಗಾಲಯದ ಇಲಿಗಳನ್ನೇ ನೋಡಿ.

ಎಂಆರ್‌ಎಲ್-ಎಲ್‌ಪಿಆರ್ ಎಂಬ ತಳಿಯ ಇಲಿಗಳಿಗೆ ಲೂಪಸ್‌ನಂಥ ಕಾಯಿಲೆ ಹುಟ್ಟಿನಿಂದಲೇ ಬರೆದಿಟ್ಟದ್ದು. ಫ್ಯಾಸ್ ಜೀನಿನ ದೋಷದಿಂದ, ರೋಗಾಣುಗಳ ಮೇಲೆ ಹೋಗಬೇಕಾದ ರಕ್ಷಣಾ ವ್ಯವಸ್ಥೆ ಸ್ವಂತ ಅಂಗಾಂಗಗಳ ಮೇಲೇ ತಿರುಗುತ್ತದೆ. ಈ ಇಲಿಗಳು ಗೋಡೆಯಂಚು ಬಿಟ್ಟು ಕದಲಲು ಅಂಜುತ್ತವೆ, ಹೊಸ ವಸ್ತುವನ್ನು ಮೂಸಲು ಹಿಂಜರಿಯುತ್ತವೆ, ಸಕ್ಕರೆ ನೀರಿನ ಮೇಲೂ ಆಸೆ ಕಳೆದುಕೊಳ್ಳುತ್ತವೆ.

‘ಕಾಯಿಲೆ ಬಿದ್ದ ಪ್ರಾಣಿ ಮಂಕಾಗದೆ ಇನ್ನೇನು?’ ಎಂಬುದು ಸಹಜ ಆಕ್ಷೇಪ. ಆದರೆ ಕಾಯಿಲೆಯ ಗುರುತಾದ ದುಗ್ಧರಸ ಗ್ರಂಥಿಗಳು ಎದ್ದು ಕಾಣುವಂತೆ ಊದಿಕೊಳ್ಳುವ ಮೊದಲೇ ಈ ಬದಲಾವಣೆ ಶುರುವಾಗುತ್ತದೆ. ರಕ್ಷಣಾ ವ್ಯವಸ್ಥೆಯನ್ನು ಅಡಗಿಸುವ ಸೈಕ್ಲೋಫಾಸ್ಫಮೈಡ್ ಕೊಟ್ಟಾಗ ಕೆಲವು ಲಕ್ಷಣಗಳು ತಗ್ಗಿದ್ದೂ ಉಂಟು.

ವಿಜ್ಞಾನಿ ಬೆಟ್ಟಿ ಡೈಮಂಡ್ ಅವರ ತಂಡದ ಪ್ರಯೋಗಗಳು ಈ ಆಕ್ಷೇಪವನ್ನು ಇನ್ನಷ್ಟು ಸಡಿಲಿಸುತ್ತವೆ. ಲೂಪಸ್‌ನಲ್ಲಿ ಕಾಣುವ ಒಂದು ಬಗೆಯ ಪ್ರತಿಕಾಯ (ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನು) ಮೆದುಳಿನಲ್ಲಿ ಸಂಕೇತ ಹಿಡಿಯುವ ಎನ್‌ಎಂಡಿಎ ಗ್ರಾಹಕಗಳಿಗೂ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಸುಮ್ಮನೆ ಸುತ್ತುತ್ತಿದ್ದರೆ ಅದರಿಂದ ಮೆದುಳಿಗೆ ಅಪಾಯವಿಲ್ಲ; ರಕ್ತಕ್ಕೂ ಮೆದುಳಿಗೂ ನಡುವಿನ ತಡೆ ಸಡಿಲಬೇಕು. 2004ರ ಪ್ರಯೋಗದಲ್ಲಿ ಬ್ಯಾಕ್ಟೀರಿಯಾದ ವಿಷಾಂಶ ಆ ತಡೆಯನ್ನು ಸಡಿಲಿಸಿತು. ಪ್ರತಿಕಾಯ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಹೊಕ್ಕು ಇಲಿಗಳ ನೆನಪು ಕೆಡಿಸಿತು. 2006ರಲ್ಲಿ ಎಪಿನೆಫ್ರಿನ್ ಬಳಸಿದಾಗ ಅದೇ ಪ್ರತಿಕಾಯ ಭಯವನ್ನು ನಿಭಾಯಿಸುವ ಅಮಿಗ್ಡಲಾ ತಲುಪಿತು. ಈ ಸಲ ಇಲಿಗಳು ಹೆದರಬೇಕಾದ ಕಡೆ ಹೆದರಲಿಲ್ಲ. ಬರೀ ನಿತ್ರಾಣವೇ ಕಾರಣವಾಗಿದ್ದರೆ ಒಮ್ಮೆ ನೆನಪು, ಇನ್ನೊಮ್ಮೆ ಭಯ ಎಂದು ಹೀಗೆ ಬೇರೆಬೇರೆಯಾಗಿ ಕೆಡಬೇಕಿರಲಿಲ್ಲ.

ಹಾಗೆಂದು ಇಲಿಯಿಂದ ಮನುಷ್ಯನಿಗೆ ಒಂದೇ ನೆಗೆತಕ್ಕೆ ಹಾರಲಾಗದು. ಇಂಥ ಪರೀಕ್ಷೆಗಳಲ್ಲಿ ನೀರಿಗೆ ಬಿಟ್ಟಾಗ ಕೈಕಾಲು ಆಡಿಸದೆ ತೇಲುವ ಇಲಿಗೆ ‘ಹತಾಶೆ’ ಆರೋಪಿಸುವುದು ನಮ್ಮ ಊಹೆ. ಮನೋರೋಗಗಳಿಗೆಲ್ಲ ಪ್ರತಿಕಾಯವೇ ಮೂಲ ಎಂದರೆ ಅದೂ ಹೊಸ ಮೂಢನಂಬಿಕೆಯೇ. ಆದರೂ ಮನುಷ್ಯರಲ್ಲಿ ಪುರಾವೆ ಇಲ್ಲದಿಲ್ಲ. 2007ರಲ್ಲಿ ಜೋಸೆಪ್ ಡಾಲ್ಮೌ ತಂಡ ವಿವರಿಸಿದ, ಎನ್‌ಎಂಡಿಎ ಗ್ರಾಹಕಗಳ ಮೇಲಿನದೇ ಇನ್ನೊಂದು ಬಗೆಯ ಪ್ರತಿಕಾಯದಿಂದ ಬರುವ ಮೆದುಳಿನ ಉರಿಯೂತ ಹೆಚ್ಚಾಗಿ ಎಳೆಯ ಹೆಣ್ಣುಮಕ್ಕಳನ್ನು ಕಾಡುತ್ತದೆ. ಭ್ರಮೆ, ಕೂಗಾಟ, ಮುಖ-ಬಾಯಿಯ ವಿಚಿತ್ರ ಚಲನೆ, ಫಿಟ್ಸ್: ನೋಡಿದವರು ಮೈಮೇಲೆ ಏನೋ ಬಂದಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಬೇಗ ಪತ್ತೆಯಾದರೆ ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ.

ಗಾಣಗಾಪುರಕ್ಕೆ ಹೋಗಬೇಡಿ ಎನ್ನುವುದು ನನ್ನ ವಾದವಲ್ಲ. ಅಲ್ಲಿ ಸಿಗುವ ಸಮಾಧಾನವನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಇದ್ದಕ್ಕಿದ್ದಂತೆ ನಡತೆ ಬದಲಾಗಿ, ಜೊತೆಗೆ ಜ್ವರವೋ ಫಿಟ್ಸೋ ಕಾಣಿಸಿಕೊಂಡರೆ ಮೊದಲ ದಾರಿ ನರರೋಗ ತಜ್ಞರ ಕಡೆಗಿರಲಿ. ಮಾನಸಿಕ ಕಾಯಿಲೆಯ ಚೀಟಿ ಬರೆಯುವ ವೈದ್ಯರೂ ಅದಕ್ಕೆ ಮುಂಚೆ ಒಮ್ಮೆ ರಕ್ತ, ಬೆನ್ನುಹುರಿಯ ನೀರು ಪರೀಕ್ಷಿಸಬೇಕೇ ಎಂದು ಯೋಚಿಸಲಿ. ಹರಕೆ ನಾಲ್ಕು ದಿನ ತಡೆದೀತು, ಉರಿಯುವ ಮೆದುಳು ತಡೆಯದು.