ಪದಕೋಶ ಮಾಡಿದ ದಾರ್ಶನಿಕ: ವಿಟ್‌ಗೆನ್‌ಸ್ಟೈನನ ಭಾಷಾಚಿಂತನೆ

ಮಾತೃಭಾಷೆಯ ಮಹತ್ತ್ವವನ್ನು ಸಾರುವ ಸಭೆಗಳಲ್ಲಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಎಂಬ ದಾರ್ಶನಿಕನ ಹೆಸರು ಒಮ್ಮೊಮ್ಮೆ ಕೇಳಿಬರುವುದುಂಟು. ಭಾಷೆಯ ಎಲ್ಲೆಗೂ ಲೋಕದ ಎಲ್ಲೆಗೂ ನಂಟು ಕಲ್ಪಿಸುವ ಆತನ ಉಕ್ತಿಯನ್ನು ಉದಾಹರಿಸಿ, ನುಡಿ ಕಳೆದರೆ ಲೋಕವೇ ಕಳೆದಂತೆ ಎಂದು ಭಾಷಣಕಾರರು ವಾದಿಸುತ್ತಾರೆ. ಆಶಯ ಸಾಧುವಾದುದೇ. ಆದರೆ ಆ ಉಕ್ತಿ ಬರುವ ‘ಟ್ರ್ಯಾಕ್ಟೇಟಸ್’ ಗ್ರಂಥದ ವಿಚಾರ ಜರ್ಮನ್ನೂ ಅಲ್ಲ, ಇಂಗ್ಲಿಷೂ ಅಲ್ಲ. ಎಲ್ಲ ಭಾಷೆಗಳಿಗೂ ಸಮಾನವಾದ ತಾರ್ಕಿಕ ರಚನೆ. ಗಡಿನಾಡಿನ ಕನ್ನಡಿಗರಾದ ನಮಗೆ ನೆರವಾಗಬಲ್ಲ ವಿಟ್‌ಗೆನ್‌ಸ್ಟೈನ್ ಬೇರೆಡೆ ಇದ್ದಾನೆ. ಹಳ್ಳಿಯ ಮಕ್ಕಳಿಗಾಗಿ ಪದಕೋಶ ಸಿದ್ಧಪಡಿಸಿದ ಉಪಾಧ್ಯಾಯನಲ್ಲಿ ಮತ್ತು ಆತನ ನಂತರದ ಕೃತಿಯಲ್ಲಿ ಅವನನ್ನು ಅರಸಬೇಕು ಎಂಬುದು ಈ ಲೇಖನದ ಅಭಿಮತ.

ಈತ ಜನಿಸಿದ್ದು 1889ರಲ್ಲಿ, ವಿಯೆನ್ನಾ ನಗರದ ಶ್ರೀಮಂತ ಉಕ್ಕಿನ ಉದ್ಯಮಿಯೊಬ್ಬನ ಎಂಟು ಮಕ್ಕಳಲ್ಲಿ ಕಿರಿಯವನಾಗಿ. ಎಂಜಿನಿಯರಿಂಗ್ ಕಲಿತು, ಮ್ಯಾಂಚೆಸ್ಟರಿನಲ್ಲಿ ವಿಮಾನವಿಜ್ಞಾನದ ಸಂಶೋಧನೆಗೆ ತೊಡಗಿ, ಗಣಿತದ ತಳಹದಿಯ ಪ್ರಶ್ನೆಗಳಿಂದ ಆಕರ್ಷಿತನಾಗಿ 1911ರಲ್ಲಿ ಕೇಂಬ್ರಿಜಿನ ಬರ್ಟ್ರಂಡ್ ರಸೆಲ್ ಬಳಿಗೆ ಬಂದನು. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಕಾಲದಲ್ಲೇ ‘ಟ್ರ್ಯಾಕ್ಟೇಟಸ್’ ರೂಪುಗೊಂಡಿತು, 1921ರಲ್ಲಿ ಅಚ್ಚಾಯಿತು. ವಾಕ್ಯವೆಂಬುದು ಸಂಗತಿಯೊಂದರ ಚಿತ್ರ. ಹಾಗೆ ಚಿತ್ರಿಸಲಾಗದ ನೀತಿ, ಸೌಂದರ್ಯ, ಬಾಳಿನ ಅರ್ಥ ಇವು ಹೇಳಿಕೆಗೆ ನಿಲುಕದವು ಎಂಬುದು ಅದರ ಸಾರ. ತತ್ತ್ವಶಾಸ್ತ್ರದ ಸಮಸ್ಯೆಗಳು ಮುಖ್ಯಾಂಶದಲ್ಲಿ ಬಗೆಹರಿದವೆಂದು ಬಗೆದ ಆತನು ಪಿತ್ರಾರ್ಜಿತ ಸಂಪತ್ತನ್ನು ಒಡಹುಟ್ಟಿದವರಿಗೆ ಬಿಟ್ಟುಕೊಟ್ಟು, ಶಿಕ್ಷಕ ತರಬೇತಿ ಪಡೆದು, 1920ರಿಂದ 1926ರವರೆಗೆ ಆಸ್ಟ್ರಿಯಾದ ಹಳ್ಳಿಶಾಲೆಗಳಲ್ಲಿ ಪಾಠ ಹೇಳಿದನು.

ಪಂಡಿತರು ಈ ಆರು ವರ್ಷಗಳನ್ನು ಜೀವನಚರಿತ್ರೆಯ ಒಂದು ತಿರುವೆಂದು ದಾಟಿಹೋಗುವುದೇ ಹೆಚ್ಚು. ಶಿಕ್ಷಕವೃತ್ತಿಯಲ್ಲಿ ಬಾಳು ಸವೆಸಿದವರಿಗೆ ಮಾತ್ರ ಇದು ಹಾಗೆ ತೋರದು. ದೊಡ್ಡ ನಿಘಂಟುಗಳು ಬೆಲೆಯಿಂದ ಬಡಮಕ್ಕಳಿಗೆ ಎಟುಕದಿದ್ದಾಗ ಆತನು ಪ್ರಾಥಮಿಕ ಶಾಲೆಗಳಿಗೆಂದೇ ಕಿರಿದಾದ ಕಾಗುಣಿತ ನಿಘಂಟೊಂದನ್ನು ಸಿದ್ಧಪಡಿಸಿ 1926ರಲ್ಲಿ ಪ್ರಕಟಿಸಿದನು. ಆತನು ಬದುಕಿದ್ದಾಗ ಪುಸ್ತಕರೂಪದಲ್ಲಿ ಹೊರಬಂದವು ‘ಟ್ರ್ಯಾಕ್ಟೇಟಸ್’ ಮತ್ತು ಈ ಪುಟ್ಟ ಪದಕೋಶ, ಎರಡೇ. ಅದರ ವಿವೇಕ ಗಮನಾರ್ಹ. ಮಕ್ಕಳು ನಿಜವಾಗಿ ಬಳಸುವ ಶಬ್ದಗಳಿಗೆ ಅಲ್ಲಿ ಆದ್ಯತೆ. ಬರೆದದ್ದರ ತಪ್ಪನ್ನು ಮಗು ತಾನೇ ನೋಡಿ ತಿದ್ದಿಕೊಳ್ಳಬೇಕೆಂಬುದು ಗುರಿ. ಗೊಂದಲಕ್ಕೆಡೆಯಾಗುವ ಪದಗಳನ್ನು ಬಿಡಿಸಿ ತಿಳಿಸಲು ಊರಿನ ಆಡುಮಾತಿನ ನೆರವನ್ನೂ ಪಡೆದಿದ್ದಾನೆ. ಅಕಾರಾದಿ ಕ್ರಮವು ಮಗುವಿಗೆ ತೊಡಕಾಗುವೆಡೆ ಆ ಕ್ರಮವನ್ನೇ ಸಡಿಲಿಸಿದ್ದಾನೆ. ನಿಯಮಕ್ಕಿಂತ ಬಳಸುವವನ ಅನುಕೂಲ ಮೇಲು ಎಂಬ ನಿಲುವು ಇಲ್ಲಿಯೇ ಮೊಳೆತಿದೆ.

1929ರಲ್ಲಿ ಕೇಂಬ್ರಿಜಿಗೆ ಮರಳಿದ ಆತನು ತನ್ನ ಹಿಂದಿನ ಸಿದ್ಧಾಂತವನ್ನು ತಾನೇ ಒಡೆದು ಕಟ್ಟಿದನು. 1951ರಲ್ಲಿ ಆತನು ನಿಧನನಾದ ಬಳಿಕ, 1953ರಲ್ಲಿ ಬೆಳಕು ಕಂಡ ‘ಫಿಲಸಾಫಿಕಲ್ ಇನ್ವೆಸ್ಟಿಗೇಷನ್ಸ್’ ಗ್ರಂಥದ ಆರಂಭದಲ್ಲೇ ಕಲಿಯುವ ಮಗುವಿದೆ, ಕಲ್ಲುಕಂಬಗಳ ಹೆಸರು ಕೂಗುವ ಮೇಸ್ತ್ರಿ ಇದ್ದಾನೆ, ಅವನ್ನು ತಂದುಕೊಡುವ ಕೆಲಸದಾಳು ಇದ್ದಾನೆ. ಪದಗಳು ಬಡಗಿಯ ಪೆಟ್ಟಿಗೆಯ ಉಪಕರಣಗಳಂತೆ. ಒಂದೊಂದಕ್ಕೂ ಒಂದೊಂದು ಕೆಲಸ. ಬಹುಮಟ್ಟಿಗೆ ಪದದ ಅರ್ಥವೆಂದರೆ ಅದರ ಬಳಕೆ. ಶಾಲೆಯ ಅನುಭವವೇ ಈ ದರ್ಶನವನ್ನು ಹಡೆಯಿತೆಂದು ಹೇಳುವುದು ಅತಿಯಾದೀತು. ಎರಡರ ನಡುವಣ ಹೋಲಿಕೆಯನ್ನಂತೂ ಅಲ್ಲಗಳೆಯಲಾಗದು.

ಆದರೆ ಈ ಉಪಾಧ್ಯಾಯನನ್ನು ಕೇವಲ ಕೊಂಡಾಡಿ ಮುಗಿಸುವಂತಿಲ್ಲ. ಲೆಕ್ಕದಲ್ಲಿ ತಡವರಿಸಿದ ಮಕ್ಕಳ ಕಿವಿ ಹಿಂಡಿದವನು, ಕೂದಲು ಎಳೆದವನು ಈತನೇ. 1926ರ ಏಪ್ರಿಲಿನಲ್ಲಿ, ಓಟರ್ಟಾಲ್ ಎಂಬ ಹಳ್ಳಿಯಲ್ಲಿ, ಆತನು ತಲೆಗೆ ಹೊಡೆದ ಪೆಟ್ಟಿಗೆ 11 ವರ್ಷದ ಬಾಲಕನೊಬ್ಬ ಕುಸಿದುಬಿದ್ದನು. ಅಲ್ಲಿಗೆ ವೃತ್ತಿ ಮುಗಿಯಿತು. ಸುಮಾರು ಹತ್ತು ವರ್ಷಗಳ ಬಳಿಕ ಆ ಊರಿಗೆ ಹೋಗಿ ಹಳೆಯ ವಿದ್ಯಾರ್ಥಿಗಳ ಕ್ಷಮೆ ಕೇಳಿದ್ದು ಆತನ ಹಿರಿಮೆ. ಆದರೂ ಪೆಟ್ಟು ಪೆಟ್ಟೇ. ನಂತರದ ಕೃತಿಯಲ್ಲೂ ಅದರ ನೆರಳಿದೆ ಎಂದು ನನಗನ್ನಿಸುತ್ತದೆ. ಮಗುವಿಗೆ ಮೊದಲ ನುಡಿ ಕಲಿಸುವುದನ್ನು ಹೆಸರಿಸಲು ಆತನು ಆರಿಸಿಕೊಂಡ ಜರ್ಮನ್ ಪದ ಸಾಮಾನ್ಯವಾಗಿ ಪ್ರಾಣಿಗಳನ್ನು ಪಳಗಿಸುವುದಕ್ಕೆ ಸಲ್ಲುವಂಥದು. ತಾಯಿಯ ಮಡಿಲಲ್ಲಿ ನುಡಿ ಕಲಿಯುವ ಕೂಸಿನ ನಲಿವು, ಹಟ, ತುಂಟತನಗಳಿಗೆ ಆ ಪದದಲ್ಲಿ ಎಡೆಯೆಲ್ಲಿ? ಅರ್ಥವನ್ನು ಬಳಕೆಯಲ್ಲಿ ಕಾಣಬೇಕೆಂದವನ ಪದಬಳಕೆಯನ್ನೇ ನಾವು ಹೀಗೆ ಪರೀಕ್ಷಿಸಿದರೆ ತಪ್ಪಾಗದು.

ಅದೇ ಗ್ರಂಥದ ಇನ್ನೊಂದು ಸೂಕ್ಷ್ಮ ನಮಗೆ ಹತ್ತಿರವಾದುದು. ಮಗು ಮಾತು ಕಲಿಯುವ ಬಗೆಯನ್ನು ಸಂತ ಆಗಸ್ಟೀನನು ವರ್ಣಿಸಿದ ರೀತಿ ಹೇಗಿದೆಯೆಂದರೆ, ಮಗುವಿಗೆ ಒಂದು ಭಾಷೆ ಮೊದಲೇ ಬರುತ್ತಿತ್ತು, ಅದು ಪರನಾಡಿಗೆ ಬಂದು ಅಲ್ಲಿನ ನುಡಿಯನ್ನು ಕಲಿಯುತ್ತಿದೆ ಎಂಬಂತಿದೆ ಎಂದು ವಿಟ್‌ಗೆನ್‌ಸ್ಟೈನ್ ಆಕ್ಷೇಪಿಸುತ್ತಾನೆ. ಮೊದಲ ನುಡಿಯ ಮಟ್ಟಿಗೆ ಆಕ್ಷೇಪ ಸರಿ. ಆದರೆ ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಗುವಿನ ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ ಅಥವಾ ಮಲಯಾಳವಾಗಿರಬಹುದು. ಅದು ನಿಜವಾಗಿಯೂ ಒಂದು ನುಡಿಯ ಬುತ್ತಿ ಕಟ್ಟಿಕೊಂಡೇ ಇನ್ನೊಂದು ನುಡಿಯ ನಾಡಿಗೆ ಬಂದ ಮಗು. ಅದರ ಮನೆಮಾತನ್ನು ತಪ್ಪೆಂದು ಗದರುವ ಬದಲು, ಆಸ್ಟ್ರಿಯಾದ ಆ ಪದಕೋಶದಂತೆ, ಪುಸ್ತಕದ ಕನ್ನಡಕ್ಕೆ ಮೆಟ್ಟಿಲಾಗಿಸಿಕೊಳ್ಳುವುದೇ ಜಾಣತನ.

ಅರ್ಥ ಬಳಕೆಯಲ್ಲಿದೆ ಎಂಬ ವಿಚಾರ ಸಂಘಗಳಿಗೂ ಎಚ್ಚರಿಕೆ. ಕನ್ನಡವು ವೇದಿಕೆ, ಹಾಡು, ಸನ್ಮಾನಪತ್ರಗಳಲ್ಲಿ ಮಾತ್ರ ಉಳಿದರೆ ಅದರ ಪದಗಳಿಗೆ ಅಷ್ಟೇ ಕೆಲಸ ಉಳಿಯುತ್ತದೆ. ಅಂಗಡಿಯ ಲೆಕ್ಕ, ತೋಟದ ಕೂಲಿಯ ಮಾತು, ಪಂಚಾಯತಿನ ಅರ್ಜಿ, ಮಕ್ಕಳ ಜಗಳ ಇವು ಕನ್ನಡದಲ್ಲಿ ನಡೆದಷ್ಟು ಕಾಲ ಉಪಕರಣಗಳು ತುಕ್ಕು ಹಿಡಿಯವು. ಸಭೆಗಳಲ್ಲಿ ವಿಟ್‌ಗೆನ್‌ಸ್ಟೈನನನ್ನು ನೆನೆಯುವುದಾದರೆ ಲೋಕದ ಎಲ್ಲೆಯ ಮಾತಿಗಿಂತ ಬಡಗಿಯ ಆ ಪೆಟ್ಟಿಗೆಯನ್ನು ನೆನೆಯೋಣ.