ಅಪಘಾತವೆಂಬ ಮಾತು ಮತ್ತು ಲೋಕಲ್ ಬಂಡಿಯ ಬಾಗಿಲು

ಕೆಲವು ಶಬ್ದಗಳು ವಿಚಾರವನ್ನು ಬೆಳೆಸುತ್ತವೆ. ಕೆಲವು ಅದನ್ನು ಮುಗಿಸಿಬಿಡುತ್ತವೆ. 'ಆಕಸ್ಮಿಕ' ಎಂಬುದು ಈ ಎರಡನೆಯ ಜಾತಿಗೆ ಸೇರಿದ್ದು. 'ಅಕಸ್ಮಾತ್' ಎಂದರೆ 'ಯಾವುದರಿಂದಲೂ ಅಲ್ಲದೆ', ಅಂದರೆ ಕಾರಣವಿಲ್ಲದೆ ಎಂದರ್ಥ. ಕಾರಣವೇ ಇಲ್ಲದ ಮೇಲೆ ನಿವಾರಣೆಯ ಮಾತೆಲ್ಲಿಂದ ಬರಬೇಕು? ಇಂಗ್ಲೆಂಡಿನ ಪ್ರಸಿದ್ಧ ವೈದ್ಯಪತ್ರಿಕೆಯಾದ ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲಿ 'ಆಕ್ಸಿಡೆಂಟ್' ಎಂಬ ಪದವನ್ನು ತನ್ನ ಪುಟಗಳಿಂದ ಬಹಿಷ್ಕರಿಸಲು ನಿಶ್ಚಯಿಸಿತು. ಗಾಯಗಳು ಬಹುಮಟ್ಟಿಗೆ ಮುಂಗಾಣಬಹುದಾದವು, ತಡೆಯಬಹುದಾದವು ಎಂಬುದೇ ಅದರ ಕಾರಣ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿ ದಿನವೂ ಮುಂಬಯಿಗೆ ಹೋಗಿಬರುವ ಕನ್ನಡಿಗರು ಈ ನಿರ್ಣಯವನ್ನು ಶಬ್ದಶಾಸ್ತ್ರದ ಕುತೂಹಲವೆಂದು ಬದಿಗಿಡಲಾಗದು.

1853ನೆಯ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ಮೊದಲ ಉಗಿಬಂಡಿ ಬಂದು ನಿಂತದ್ದು ಠಾಣೆಯಲ್ಲಿ. ಅದೇ ದಾರಿಯ ಇಂದಿನ ಸ್ಥಿತಿ ಹೇಗಿದೆ? 2023ರೊಂದರಲ್ಲಿಯೇ ಉಪನಗರ ರೈಲುಮಾರ್ಗಗಳಲ್ಲಿ 2,590 ಜನ ಮೃತರಾದರೆಂಬ ಅಂಕಿಯು, 2024ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯಲ್ಲಿತ್ತು. ದಿನಕ್ಕೆ ಸರಾಸರಿ ಏಳು ಸಾವು. ದಿನಕ್ಕೆ ಏಳರ ಲೆಕ್ಕದಲ್ಲಿ ವರ್ಷವಿಡೀ ನಡೆಯುವುದನ್ನು ಕಾರಣರಹಿತವೆನ್ನುವುದು ಗಣಿತಕ್ಕೂ ಅಪಚಾರ, ಭಾಷೆಗೂ ಅಪಚಾರ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಬಳಿ ಎದುರುಬದುರಾಗಿ ಹಾದುಹೋದ ಎರಡು ಬಂಡಿಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಕೆಳಗುರುಳಿ, ಕನಿಷ್ಠ ನಾಲ್ವರು ಅಸುನೀಗಿದಾಗ ನಾಡೆಲ್ಲ ಬೆಚ್ಚಿತು. ಆದರೆ ಒಬ್ಬೊಬ್ಬರಾಗಿ ಬಿದ್ದವರಿಗಾಗಿ ಯಾರೂ ಬೆಚ್ಚಿದಂತೆ ತೋರುವುದಿಲ್ಲ.

ಇದಕ್ಕೆ ನಾವು ಮಾಡುತ್ತ ಬಂದ ಉಪಾಯಗಳನ್ನು ಪರೀಕ್ಷಿಸೋಣ. ಧ್ವನಿವರ್ಧಕದ ಎಚ್ಚರಿಕೆ, ಗೋಡೆಯ ಮೇಲಿನ ಭಿತ್ತಿಪತ್ರ, ಸುರಕ್ಷತಾ ಸಪ್ತಾಹ, ಶಾಲಾಮಕ್ಕಳ ಮೆರವಣಿಗೆ — ಇವೆಲ್ಲಕ್ಕೂ ಸಮಾನವಾದದ್ದು ವಿಧ್ಯರ್ಥಕ ಕ್ರಿಯಾಪದ: ಹಳಿ ದಾಟಬೇಡಿ, ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ಕಾಲಿಡಲು ತೆರಪಿಲ್ಲದ ಬಂಡಿಯ ಮುಂದೆ ನಿಂತವನಿಗೆ ಈ ಉಪದೇಶದ ಅರ್ಥ 'ಕೆಲಸಕ್ಕೆ ಹೋಗಬೇಡ' ಎಂದಷ್ಟೇ ಆಗುತ್ತದೆ. ಅವನು ತಿಳಿವಳಿಕೆಯಿಲ್ಲದವನಲ್ಲ, ಅವನಿಗೆ ಇಲ್ಲದಿರುವುದು ಜಾಗ.

ಕಾನೂನು ಈ ವಿಷಯದಲ್ಲಿ ಭಿತ್ತಿಪತ್ರಕ್ಕಿಂತ ಉದಾರವಾಗಿದೆಯೆಂಬುದು ಗಮನಿಸತಕ್ಕ ಸಂಗತಿ. 1989ರ ರೈಲ್ವೆ ಅಧಿನಿಯಮದ 124ಎ ಕಲಮು ಬಂಡಿಯಿಂದ ಬಿದ್ದ ಪ್ರಯಾಣಿಕನಿಗೆ, ರೈಲ್ವೆಯ ತಪ್ಪಿರಲಿ ಇಲ್ಲದಿರಲಿ, ಪರಿಹಾರವನ್ನು ವಿಧಿಸುತ್ತದೆ. ಪ್ರಯಾಣಿಕನ ಅಜಾಗರೂಕತೆಯನ್ನು ಮುಂದೊಡ್ಡಿ ಅದನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ರೀನಾದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ ಅದೇ ಅಧಿನಿಯಮದ 147ನೆಯ ಕಲಮಿನಲ್ಲಿ ಹಳಿ ದಾಟುವವನು ಅತಿಕ್ರಮಿ, ಆರು ತಿಂಗಳವರೆಗಿನ ಸೆರೆಗೆ ಅರ್ಹನು. ದೇಶದಲ್ಲಿ ಹೀಗೆ ಹಳಿಗಳ ಮೇಲೆ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆಂದು 2012ರಲ್ಲಿ ವರದಿಯಿತ್ತ ಅನಿಲ ಕಾಕೋಡಕರ ಸಮಿತಿಯು ಇದನ್ನು ನರಮೇಧಕ್ಕೆ ಸಮವೆಂದೇ ಬಗೆಯಿತು. ಅತಿಕ್ರಮಿಯೆಂಬ ಹೆಸರು ಬಿದ್ದೊಡನೆ ಸತ್ತವನೇ ಆರೋಪಿಯಾಗುತ್ತಾನೆ. ಮೇಲ್ಸೇತುವೆ ಎಲ್ಲಿರಬೇಕಾಗಿತ್ತೆಂಬ ಪ್ರಶ್ನೆ ಏಳುವುದೇ ಇಲ್ಲ.

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವನು ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್. ರೋಗಕ್ಕಿರುವಂತೆ ಗಾಯಕ್ಕೂ ವ್ಯಕ್ತಿ, ಕಾರಕ, ಪರಿಸರವೆಂಬ ಮೂರು ಅಂಗಗಳೂ, ಮುಂಚೆ, ಆಗ, ಆಮೇಲೆ ಎಂಬ ಮೂರು ಕಾಲಗಳೂ ಇವೆಯೆಂದು ಅವನು ತೋರಿಸಿದನು. ಹೀಗಾಗುವ ಒಂಬತ್ತು ಮನೆಗಳಲ್ಲಿ ನಮ್ಮ ಅಭಿಯಾನಗಳು ತುಂಬುವುದು ಒಂದೇ ಒಂದನ್ನು: ಮುಂಚಿತವಾಗಿ ವ್ಯಕ್ತಿಗೆ ಬುದ್ಧಿ ಹೇಳುವುದನ್ನು. ಉಳಿದ ಎಂಟು ಮನೆಗಳು ಬರಿದಾಗಿವೆಯೆಂದರೆ ಉತ್ಪ್ರೇಕ್ಷೆಯಾದೀತು. 2010ರ ಸುಮಾರಿಗೆ ವಡಾಲಾದಲ್ಲಿ, ಬರುವ ಬಂಡಿಯ ವೇಗವು ಕಣ್ಣಿಗೆ ಅಂದಾಜಾಗಲೆಂದು ಹಳಿಯ ದಿಮ್ಮಿಗಳಿಗೆ ಹಳದಿ ಬಣ್ಣ ಬಳಿದು, ಸೀಟಿಯ ಕ್ರಮವನ್ನು ಬದಲಿಸಿ ನೋಡಿದರು. ಅಲ್ಲಿ ಸಾವುಗಳು ಇಳಿದವೆಂದು ವರದಿಯಾಯಿತು. ನವಿ ಮುಂಬಯಿಯ ವಾಶಿ, ಬೇಲಾಪುರ ನಿಲ್ದಾಣಗಳಲ್ಲಿ ಹಳಿಯಡಿಯ ದಾರಿಯು ನಗರದ ಯೋಜನೆಯೊಡನೆಯೇ ಬಂತು. ದಿವಾದಂಥ ಊರಿನಲ್ಲಾದರೋ ಜನವಸತಿ ಮೊದಲು ಬೆಳೆದು, ದಾರಿ ಅದರ ಬೆನ್ನಟ್ಟಬೇಕಾಯಿತು. ನವಿ ಮುಂಬಯಿಯವನು ಹೆಚ್ಚು ವಿವೇಕಿಯೆಂದಲ್ಲ; ವಿವೇಕದ ಒಂದು ಪಾಲನ್ನು ಅಲ್ಲಿ ಕಟ್ಟಡವೇ ಹೊತ್ತಿದೆ.

ಸಮುದಾಯಾಧಾರಿತ ಗಾಯನಿವಾರಣೆಯೆಂಬ ಕಲ್ಪನೆಗೆ ಸ್ವೀಡನ್ನಿನ ಫಾಲ್ಷೋಪಿಂಗ್ ಎಂಬ ಪಟ್ಟಣ ಆದರ್ಶ. ಅಲ್ಲಿ ಎಪ್ಪತ್ತರ ದಶಕದ ಕೊನೆಗೆ ಮೊದಲು ಗಾಯಗಳನ್ನು ಎಣಿಸಿದರು, ಆಮೇಲೆ ಕೆಲಸಕ್ಕೆ ತೊಡಗಿದರು. 1989ರ ಸ್ಟಾಕ್‌ಹೋಮ್ ಸಮ್ಮೇಳನವು 'ಸುರಕ್ಷಿತ ಸಮುದಾಯ'ದ ತತ್ತ್ವವನ್ನು ಲೋಕಕ್ಕೆ ಸಾರಿತು. ಇದನ್ನು ನಮ್ಮಲ್ಲಿಗೆ ತಂದಿರಿಸುವ ಮೊದಲು ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಆ ಪಟ್ಟಣದಲ್ಲಿ ಗಾಯಗೊಂಡವನು ತನ್ನೂರಿನಲ್ಲೇ ಗಾಯಗೊಂಡು ತನ್ನೂರಿನ ಆಸ್ಪತ್ರೆಗೇ ಹೋಗುತ್ತಾನೆ. ಇಲ್ಲಿ ಡೊಂಬಿವಲಿಯಲ್ಲಿ ಮನೆ, ಕೋಟೆ ಪ್ರದೇಶದಲ್ಲಿ ಕಚೇರಿ. ಬಿದ್ದದ್ದು ಮುಂಬ್ರಾದಲ್ಲಿ, ಒಯ್ದದ್ದು ಕಳವೆಯ ಆಸ್ಪತ್ರೆಗೆ, ದಾಖಲೆ ಠಾಣೆಯ ರೈಲ್ವೆ ಪೋಲೀಸರಲ್ಲಿ. ಯಾವ ಊರೂ ತನ್ನ ನಷ್ಟವನ್ನು ಇಡಿಯಾಗಿ ಕಾಣುವುದಿಲ್ಲ. ಮನೆಯಿರುವ ಸಮುದಾಯ ಒಂದು, ಗಾಯವಾಗುವ ಸಮುದಾಯ ಇನ್ನೊಂದು. ಅನುಕರಣೆಯ ಕಾರ್ಯಕ್ರಮಗಳು ಮುಗ್ಗರಿಸುವುದು ಇಲ್ಲಿಯೇ.

ಹೀಗಿರುವಾಗ ಊರಿನ ಗಡಿಯನ್ನು ಮೀರಿದ ಸಮುದಾಯಗಳಿಗೆ ಒಂದು ವಿಶೇಷ ಅವಕಾಶವಿದೆ. ಭಾಷಿಕ ಸಂಘಗಳು ಅಂಥವು. ನಮ್ಮ ಸದಸ್ಯನು ಕಲ್ಯಾಣದಲ್ಲಿದ್ದರೂ ವಾಶಿಯಲ್ಲಿದ್ದರೂ ನಮ್ಮವನೇ. ಆದರೆ ಸತ್ಯವನ್ನು ಹೇಳಬೇಕೆಂದರೆ, ನಮ್ಮ ಸಂಘಗಳು ಕಾರ್ಯಪ್ರವೃತ್ತವಾಗುವುದು ಹ್ಯಾಡನ್ನನ ಕೊನೆಯ ಕಾಲದಲ್ಲಿ: ಶೋಕಸಭೆ, ಸಹಾಯನಿಧಿ, ಊರಿಗೆ ಪಾರ್ಥಿವ ಶರೀರವನ್ನು ಕಳಿಸುವ ವ್ಯವಸ್ಥೆ. ಇವು ಪುಣ್ಯಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ನಿವಾರಣೆ ಮಾತ್ರ ಅಲ್ಲ. ಹೋಟೆಲಿನ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ಕಟ್ಟಿದ ಹಿರಿಯರು ಹುಡುಗನ ಹಗಲನ್ನು ಬಲ್ಲವರಾಗಿದ್ದುದರಿಂದಲೇ ಶಾಲೆಯನ್ನು ರಾತ್ರಿಗೆ ಇಟ್ಟರು. ಅವನಿಗೆ ಹೊತ್ತು ಹೊಂದಿಸಿಕೊಳ್ಳೆಂದು ಅವರು ಬೋಧಿಸಲಿಲ್ಲ. ಹೊತ್ತನ್ನು ತಾವೇ ಹೊಂದಿಸಿದರು. ನಮ್ಮಲ್ಲಿಯೇ ಇರುವ ಈ ಮಾದರಿಯು ಸ್ವೀಡನ್ನಿನದಕ್ಕಿಂತ ಹಳೆಯದು.

ಆದಕಾರಣ ಮಾಡತಕ್ಕದ್ದು ಇಷ್ಟು. ಮೊದಲನೆಯದು ಎಣಿಕೆ: ಯಾವ ನಿಲ್ದಾಣ, ಯಾವ ಹೊತ್ತು, ಯಾವ ಬಗೆ ಎಂಬುದನ್ನು, ಹೆಸರಿಲ್ಲದೆ, ವರ್ಷವಿಡೀ ಬರೆದಿಡುವುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ ಮತ್ತು ಸಂಗಡಿಗರು ಆಸ್ಪತ್ರೆ ಹಾಗೂ ಪೋಲೀಸರ ದಾಖಲೆಗಳನ್ನು ಕೂಡಿಸಿ ಗಾಯಗಳ ಸಮೀಕ್ಷೆಗೆ ಕನ್ನಡನಾಡಿನಲ್ಲಿಯೇ ದಾರಿ ತೋರಿದ್ದಾರೆ. ಎರಡನೆಯದು ಹೊತ್ತಿನ ಹಂಚಿಕೆ: ಕಚೇರಿಗಳು ವೇಳೆಯನ್ನು ಬದಲಿಸಿಕೊಳ್ಳಬೇಕೆಂದು ಮಧ್ಯ ರೈಲ್ವೆಯೇ ಮನವಿ ಮಾಡಿದೆ, ನಮ್ಮವರೇ ಮಾಲಕರಾಗಿರುವ ಹೋಟೆಲು, ಸಂಸ್ಥೆಗಳಲ್ಲಿ ಇದಕ್ಕೆ ಪರರ ಅಪ್ಪಣೆ ಬೇಕಿಲ್ಲ. ಮೂರನೆಯದು ಎಚ್ಚರ: ಮುಂಬ್ರಾದ ದುರಂತದ ಬಳಿಕ ಸಾಧಾರಣ ಲೋಕಲ್‌ಗಳಿಗೂ ತಾನಾಗಿ ಮುಚ್ಚುವ ಬಾಗಿಲು ಇಡುವುದಾಗಿ ರೈಲ್ವೆ ಘೋಷಿಸಿತು. ಬಾಗಿಲು ಒಳ್ಳೆಯದೇ. ಆದರೆ ಬಂಡಿಗಳು ಹೆಚ್ಚದೆ ಬಾಗಿಲು ಮಾತ್ರ ಮುಚ್ಚಿದರೆ, ಹೊರಗುಳಿದವರು ವೇದಿಕೆಯ ಅಂಚಿನಲ್ಲಿ ನೆರೆಯುತ್ತಾರೆ. ಗಂಡಾಂತರವು ನೀಗದೆ ಸ್ಥಳಾಂತರಗೊಳ್ಳುತ್ತದೆ. ಹಾಗಾಯಿತೋ ಇಲ್ಲವೋ ಎಂದು ಹೇಳಬಲ್ಲವನು ಎಣಿಸಿಟ್ಟವನೊಬ್ಬನೇ.

ನಮ್ಮ ಸಂಘಗಳ ವಾರ್ಷಿಕ ವರದಿಗಳಲ್ಲಿ ನಾಟಕಗಳ ಲೆಕ್ಕವುಂಟು, ದತ್ತಿಗಳ ಲೆಕ್ಕವುಂಟು. ಆ ವರ್ಷ ಹಳಿಗಳ ಮೇಲೆ ನಾವು ಕಳೆದುಕೊಂಡವರ ಲೆಕ್ಕಕ್ಕೂ ಅಲ್ಲಿ ಒಂದು ಪುಟವಿರಲಿ.