ಖುಲಾಸಾ ಮತ್ತು ಖುಲಾಸೆ

ಉರ್ದು ಶಾಲೆಯಲ್ಲಿ ಓದಿದವರಿಗೆ ‘ಖುಲಾಸಾ’ ಎಂದರೆ ಸಾರಾಂಶ. ಪಾಠದ ಖುಲಾಸಾ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳುತ್ತಿದ್ದರು. ಅದೇ ಪದ ಕನ್ನಡದಲ್ಲಿ ‘ಖುಲಾಸೆ’ಯಾಗಿ, ಆರೋಪಿಯನ್ನು ಕೋರ್ಟು ದೋಷಮುಕ್ತನೆಂದು ಬಿಡುವುದಕ್ಕೆ ಸಲ್ಲುತ್ತದೆ. ಮಕ್ಕಳು ಇವೆರಡನ್ನು ಅದಲುಬದಲು ಮಾಡಿದರೆ ನಾವು ನಕ್ಕು ತಿದ್ದುತ್ತೇವೆ. ಆದರೆ 2019ರ ಮಾರ್ಚ್ 24ರಂದು ಅಮೆರಿಕದ ಅಟಾರ್ನಿ ಜನರಲ್ ವಿಲಿಯಂ ಬಾರ್ ನಾಲ್ಕು ಪುಟಗಳ ಒಂದು ಖುಲಾಸಾ ಬರೆದರು. ಅದೇ ದಿನ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅದನ್ನು ಖುಲಾಸೆ ಎಂದು ಸಾರಿದರು. ಆ ತಪ್ಪನ್ನು ತಿದ್ದಲು ಇವತ್ತಿಗೂ ಆಗಿಲ್ಲ.

2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಷ್ಯಾ ಕೈಯಾಡಿಸಿತೇ, ಟ್ರಂಪ್ ಪಾಳೆಯ ಅದರೊಂದಿಗೆ ಸೇರಿತ್ತೇ ಎಂದು ತನಿಖೆ ನಡೆಸಲು 2017ರ ಮೇ ತಿಂಗಳಲ್ಲಿ ರಾಬರ್ಟ್ ಮುಲ್ಲರ್ ವಿಶೇಷ ತನಿಖಾಧಿಕಾರಿಯಾಗಿ ನೇಮಕಗೊಂಡರು. ಇಪ್ಪತ್ತೆರಡು ತಿಂಗಳಲ್ಲಿ 34 ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ಅವರ ವರದಿ 448 ಪುಟಗಳದು. ಅಲ್ಲಲ್ಲಿ ಕಪ್ಪು ಮಸಿ ಬಳಿಸಿಕೊಂಡು ಅದು ಜನರ ಕೈಗೆ ಬಂದದ್ದು ಏಪ್ರಿಲ್ 18ರಂದು, ಬಾರ್ ಪತ್ರದ ಇಪ್ಪತ್ತೈದು ದಿನಗಳ ಬಳಿಕ. ಪತ್ರವು ತಮ್ಮ ಕೆಲಸದ ತಿರುಳನ್ನು ಪೂರ್ತಿಯಾಗಿ ಹಿಡಿದಿಲ್ಲವೆಂದು ಮುಲ್ಲರ್ ಮಾರ್ಚ್ 27ರಂದೇ ಬಾರ್ ಅವರಿಗೆ ಬರೆದಿದ್ದರು. ಅಷ್ಟರಲ್ಲಿ ಎರಡೂ ಪಕ್ಷದವರ ತೀರ್ಪು ಹೊರಬಿದ್ದಾಗಿತ್ತು. ಮೂಲ ಸಾಕ್ಷ್ಯಗಳನ್ನು ತಾವು ಪರಿಶೀಲಿಸಿಲ್ಲವೆಂದು ಬಾರ್ ಮೇ 1ರಂದು ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡದ್ದು ಯಾರಿಗೆ ಬೇಕಿತ್ತು?

ಕತೆ ಬರೆಯುವ ನಮ್ಮಂಥವರಿಗೆ ವರದಿಯ ಎರಡನೇ ಸಂಪುಟ ಹಿಡಿಸುತ್ತದೆ. ಮೊದಲ ಸಂಪುಟ ರಷ್ಯಾದ ಹಸ್ತಕ್ಷೇಪದ್ದು. ಹಸ್ತಕ್ಷೇಪ ನಡೆದದ್ದು ನಿಜ, ಆದರೆ ಟ್ರಂಪ್ ಪಾಳೆಯದ ಮೇಲೆ ಒಳಸಂಚಿನ ಮೊಕದ್ದಮೆ ಹೂಡುವಷ್ಟು ಸಾಕ್ಷ್ಯ ಸಿಗಲಿಲ್ಲ ಎನ್ನುತ್ತದೆ. ಎರಡನೆಯದು ತನಿಖೆಗೆ ಅಧ್ಯಕ್ಷರು ಅಡ್ಡಿ ಮಾಡಿದರೇ ಎಂಬುದರ ಶೋಧ. ಇಲ್ಲಿ ನಾಯಕನ ಸ್ವಭಾವ ತಿಳಿಯುವುದು ಅವನ ಮಾತು ಕೇಳದವರಿಂದ. ಮುಲ್ಲರನ್ನು ತೆಗೆಸುವಂತೆ 2017ರ ಜೂನ್‌ನಲ್ಲಿ ಅಧ್ಯಕ್ಷರ ಅಪ್ಪಣೆಯಾಗುತ್ತದೆ. ಶ್ವೇತಭವನದ ವಕೀಲ ಡಾನ್ ಮೆಕ್‌ಗಾನ್ ಅದನ್ನು ಮುಟ್ಟಿಸುವುದಿಲ್ಲ. ಅಧ್ಯಕ್ಷರ ಯತ್ನಗಳು ಹೆಚ್ಚಿನಂಶ ಕೈಗೂಡದೆ ಹೋದದ್ದು ಸುತ್ತಲಿದ್ದವರು ಮಾತು ಕೇಳದ್ದರಿಂದ ಎಂದು ವರದಿಯೇ ಹೇಳುತ್ತದೆ. ಒಳ್ಳೆಯ ಕಾದಂಬರಿಗೆ ಸಾಕಾಗುವಷ್ಟು ಸರಕು!

ಕೊನೆಯೇ ತೊಡಕು. ಅಧ್ಯಕ್ಷರು ಅಪರಾಧ ಮಾಡಿದರೆಂದೂ ಹೇಳುವುದಿಲ್ಲ, ಅವರನ್ನು ದೋಷಮುಕ್ತರೆಂದೂ ಹೇಳುವುದಿಲ್ಲ ಎಂದು ಮುಲ್ಲರ್ ಲೇಖನಿ ಕೆಳಗಿಡುತ್ತಾರೆ. ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬುದು ನ್ಯಾಯ ಇಲಾಖೆಯ ಹಳೆಯ ನಿಲುವು. ಕೋರ್ಟಿನಲ್ಲಿ ಉತ್ತರ ಕೊಡುವ ಅವಕಾಶವೇ ಇಲ್ಲದವರನ್ನು ಅಪರಾಧಿ ಎಂದು ಕರೆಯುವುದು ಅನ್ಯಾಯ ಎಂಬುದು ಮುಲ್ಲರ್ ವಾದ. ಕತೆಯಲ್ಲಿ ಇಂಥ ಮೌನವನ್ನು ನಾವು ಮೆಚ್ಚುತ್ತೇವೆ. ಆದರೆ ವರದಿಯಲ್ಲಿ ನಕಾರದ ಮೇಲೆ ನಕಾರ ಹೇರಿದ ವಾಕ್ಯಗಳು ಖಾಲಿ ಬಿಟ್ಟ ಜಾಗವನ್ನು ಬಾರ್ ತುಂಬಿದರು.

ಪಕ್ಷದವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1998ರಲ್ಲಿ ಬಿಲ್ ಕ್ಲಿಂಟನ್ ಮೇಲೆ ಕೆನೆತ್ ಸ್ಟಾರ್ ಬರೆದ ವರದಿ ಏನನ್ನೂ ಮುಚ್ಚಿಡಲಿಲ್ಲ. ಮಲಗುವ ಕೋಣೆಯ ವಿವರಗಳನ್ನೂ ಬಿಡಲಿಲ್ಲ. ಆಗ ಸೆನೆಟ್ಟಿನಲ್ಲಿ ಕ್ಲಿಂಟನ್ ವಿರುದ್ಧ ವಾದಿಸಿದವರಲ್ಲಿ ಒಬ್ಬರಾದ ಲಿಂಡ್ಸೆ ಗ್ರಹಾಮ್ 2019ರಲ್ಲಿ ಮುಲ್ಲರ್ ಪ್ರಕರಣ ತಮ್ಮ ಮಟ್ಟಿಗೆ ಮುಗಿಯಿತೆಂದರು. ಒಂದೇ ಪಕ್ಷದ ಮತಗಳಿಂದ ವಾಗ್ದಂಡನೆ ಕೂಡದೆಂದು 1998ರಲ್ಲಿ ವಾದಿಸಿದ್ದ ಜೆರಿ ನಾಡ್ಲರ್ ಅಧ್ಯಕ್ಷತೆಯ ಸಮಿತಿಯೇ 2019ರ ಡಿಸೆಂಬರಿನಲ್ಲಿ ಟ್ರಂಪ್ ಮೇಲೆ, ಉಕ್ರೇನ್ ವಿಷಯದಲ್ಲಿ, ವಾಗ್ದಂಡನೆಯ ದೋಷಾರೋಪ ಸಿದ್ಧಪಡಿಸಿತು. ರಿಪಬ್ಲಿಕನ್ನರ ಒಂದು ಮತವೂ ಬೀಳಲಿಲ್ಲ. ಇನ್ನು ಸ್ವತಃ ಸ್ಟಾರ್ ಸಾಹೇಬರು? 2020ರ ಜನವರಿಯಲ್ಲಿ ಟ್ರಂಪ್ ಪರ ವಕೀಲರ ಸಾಲಿನಲ್ಲಿ ನಿಂತು, ವಾಗ್ದಂಡನೆ ಅತಿಯಾಯಿತೆಂದು ಸೆನೆಟ್ಟಿಗೆ ಬುದ್ಧಿ ಹೇಳಿದರು.

ಇದನ್ನು ಬರೆಯುವಾಗ ನಮ್ಮನ್ನು ನಾವು ಹೊರಗಿಟ್ಟುಕೊಳ್ಳುವಂತಿಲ್ಲ. ಗದ್ದುಗೆಗೇರಿದ ಮೊದಲ ವಾರದಲ್ಲೇ ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳವರಿಗೆ ಬಾಗಿಲು ಮುಚ್ಚಿದ ಅಧ್ಯಕ್ಷರ ಬೆನ್ನು ಹತ್ತಿದ ತನಿಖಾಧಿಕಾರಿಯನ್ನು ನಾವೂ ವೀರನೆಂದೇ ಬಗೆದಿದ್ದೆವು. ಅಲ್ಲಿಯ ಉದಾರವಾದಿಗಳು ಅವರ ಚಿತ್ರವಿದ್ದ ಮೇಣದಬತ್ತಿ ಹಚ್ಚಿದರು. ಟಿವಿಯ ಹಾಸ್ಯ ಕಾರ್ಯಕ್ರಮದಲ್ಲಿ ರಾಬರ್ಟ್ ಡಿ ನಿರೋ ಅವರ ವೇಷ ಹಾಕಿದರು. ಟ್ರಂಪ್ ಕಡೆಯವರು ಇದೆಲ್ಲ ಮಾಟಗಾತಿಯರ ಬೇಟೆ ಎಂದರು. ಆ ಗದ್ದಲದಲ್ಲಿ ನಮಗೆ ಕೇಳಿಸದೆ ಹೋದ ಇನ್ನೊಂದು ವರದಿಯಿದೆ.

ಮುಲ್ಲರ್ ಎಫ್‌ಬಿಐ ನಿರ್ದೇಶಕರಾಗಿ ಅಧಿಕಾರ ವಹಿಸಿದ್ದು 2001ರ ಸೆಪ್ಟೆಂಬರ್ 4ರಂದು. ಒಂದು ವಾರಕ್ಕೆ ಅವಳಿ ಗೋಪುರಗಳು ಉರುಳಿದವು. ಆ ಬಳಿಕದ ತನಿಖೆಯಲ್ಲಿ 762 ವಲಸಿಗರನ್ನು, ಬಹುಪಾಲು ಮುಸ್ಲಿಮರನ್ನು, ವೀಸಾ ಉಲ್ಲಂಘನೆಯಂಥ ಕಾರಣಗಳ ಮೇಲೆ ಬಂಧನದಲ್ಲಿಟ್ಟರೆಂದು ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2003ರಲ್ಲಿ ವರದಿ ಮಾಡಿದರು. ಎಫ್‌ಬಿಐ ಇವರನ್ನು ನಿರ್ದೋಷಿ ಎನ್ನುವವರೆಗೆ ಬಿಡಕೂಡದು ಎಂಬುದು ನೀತಿ. ಹಾಗೆನ್ನಲು ಸರಾಸರಿ 80 ದಿನ ಹಿಡಿಯಿತು. ಬ್ರೂಕ್ಲಿನ್ ಜೈಲಿನಲ್ಲಿ ಕೆಲವು ಸಿಬ್ಬಂದಿ ಇವರನ್ನು ಬೈದದ್ದು, ಹೊಡೆದದ್ದು ಕೂಡ ಆ ವರದಿಯಲ್ಲಿದೆ. ಅಧ್ಯಕ್ಷರ ವಿಷಯದಲ್ಲಿ ಕೋರ್ಟಿನ ಹೊರಗೆ ‘ಅಪರಾಧಿ’ ಎಂಬ ಪದವನ್ನೂ ಬಳಸಲು ಹಿಂಜರಿದ ಆ ಸೂಕ್ಷ್ಮತೆ ನಿಜಕ್ಕೂ ದೊಡ್ಡದು. ಅದರಲ್ಲಿ ಒಂದು ಚೂರು ಈ 762 ಮಂದಿಗೆ ಸಿಕ್ಕಿದ್ದರೆ?

ಅದೇ ತನಿಖೆಯಲ್ಲಿ ‘ವಿಶೇಷ ಗಮನ’ದ ಕೈದಿ ಎಂದು ಗುರುತಿಸಿ ಬ್ರೂಕ್ಲಿನ್ ಜೈಲಿನ ಬಿಗಿ ಕಾವಲಿನಲ್ಲಿ ಇಟ್ಟಿದ್ದ ಪಾಕಿಸ್ತಾನಿ, ಕೇಬಲ್ ಟಿವಿ ಕೆಲಸದ ಜಾವೇದ್ ಇಕ್ಬಾಲ್, ಧರ್ಮ ನೋಡಿ ತನ್ನನ್ನು ಹಾಗೆ ನಡೆಸಿಕೊಂಡರೆಂದು ಅಂದಿನ ಅಟಾರ್ನಿ ಜನರಲ್ ಆಶ್‌ಕ್ರಾಫ್ಟ್ ಮತ್ತು ಮುಲ್ಲರ್ ಮೇಲೆ ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ, ದೂರಿನಲ್ಲಿ ಇವರಿಬ್ಬರ ವಿರುದ್ಧ ಹೇಳಿರುವ ಸಂಗತಿಗಳು ಸಾಲವು ಎಂದಿತು. ಮುಲ್ಲರ್ ವಿಚಾರಣೆ ಎದುರಿಸಬೇಕಾಗಲಿಲ್ಲ. ಇಕ್ಬಾಲ್ ಹೆಸರು ಈಗ ಅಮೆರಿಕದ ಕಾನೂನು ಕಾಲೇಜುಗಳಲ್ಲಿ, ದಾವೆಯ ಅರ್ಜಿ ಹೇಗಿರಬೇಕೆಂದು ಕಲಿಸುವ ಪಾಠದಲ್ಲಿ ಬರುತ್ತದೆ.